ಒಂದೇ ಸೆಲ್ಲಿನಲ್ಲಿ ಕಾಮಾ ಹಾಕಿ ತುಂಬಿಸಿದ ಮೀನು, ತೂಕ ಎರಡನ್ನೂ ಬೇರೆ ಬೇರೆ ರೋ ಮಾಡುದು ಹೇಗೆ?

ದಕ್ಕೆ_ಡೇಟಾ, ಮಲ್ಪೆ

ಎಲ್ರಿಗೂ ನಮಸ್ಕಾರ. ದಕ್ಕೆಯಲ್ಲಿ, ಅಂದ್ರೆ ಮೀನು ಇಳಿಸುವ ಬಂದರಿನಲ್ಲಿ, ಬೋಟುಗಳ ಮೀನಿನ ಲೆಕ್ಕ ಇಡುವ ಒಂದು ಸಣ್ಣ ಆಫೀಸಿಗೆ ರಿಪೋರ್ಟ್ ಮಾಡಿ ಕೊಡ್ಲಿಕ್ಕುಂಟು. ಅವರ ಹತ್ರ ಇರುದು ಒಂದು ಹಳೇ ಮೊಬೈಲ್ ಆ್ಯಪ್, ಬೋಟು ಬಂದ ಕೂಡ್ಲೆ ಲೆಕ್ಕ ಬರೆಯುವ ರೈಟರ್ ನಿಂತಲ್ಲೇ ಒಂದು ಚೀಟಿ ಎಂಟ್ರಿ ಮಾಡ್ತಾರೆ, ರಾತ್ರಿ ಅದೆಲ್ಲ ಒಟ್ಟಾಗಿ ಸಿಎಸ್‌ವಿ (ಕಾಮಾ ಹಾಕಿ ಕಾಲಮ್ ಬೇರೆ ಮಾಡಿದ ಟೆಕ್ಸ್ಟ್) ಫೈಲ್ ಆಗಿ ಬರ್ತದೆ. ತೊಂದ್ರೆ ಎಂತ ಅಂದ್ರೆ ಒಂದು ಚೀಟಿಗೆ ಒಂದೇ ರೋ, ಬೋಟಿನಲ್ಲಿ ಎಷ್ಟು ಜಾತಿ ಮೀನು ಬಂದಿದೆಯೋ ಅಷ್ಟೂ ಒಂದೇ ಕಾಲಮ್ಮಿನಲ್ಲಿ ಕಾಮಾ ಹಾಕಿ, ತೂಕ ಪಕ್ಕದ ಕಾಲಮ್ಮಿನಲ್ಲಿ ಅದೇ ಆರ್ಡರಿನಲ್ಲಿ ಕಾಮಾ ಹಾಕಿ. ಹೀಗೆ:

ಚೀಟಿ: 318
ಮೀನು: ಬಂಗುಡೆ,ಬೂತಾಯಿ,ಅಂಜಲ್
ಕೆಜಿ: 420,650,38
ಒಟ್ಟು ಕೆಜಿ: 1108
ಮುಂಗಡ: 9000

ನನಗೆ ಬೇಕಾದ್ದು ಮೂರು ರೋ. 318 ಬಂಗುಡೆ 420, 318 ಬೂತಾಯಿ 650, 318 ಅಂಜಲ್ 38. ಡೇಟಾವನ್ನು ಒಂದು ಕಡೆಯಿಂದ ತೆಗೆದು ಬದಲಿಸಿ ಇನ್ನೊಂದು ಕಡೆ ಹಾಕುವ ಟಾಲೆಂಡ್ ಓಪನ್ ಸ್ಟುಡಿಯೋ ಅನ್ನುವ ಟೂಲಿನಲ್ಲಿ ಮಾಡ್ತಾ ಇದ್ದೇನೆ. ಟಿನಾರ್ಮಲೈಸ್ ಅಂತ ಒಂದು ಕಾಂಪೊನೆಂಟ್ ಉಂಟಲ್ಲ, ಅದನ್ನು ಮೀನಿನ ಕಾಲಮ್ಮಿಗೆ ಹಾಕಿದ್ರೆ ಚಂದ ಮೂರು ರೋ ಬರ್ತದೆ, ಆದ್ರೆ ಪ್ರತಿ ರೋದಲ್ಲಿ ಕೆಜಿ ಇಡೀ 420,650,38 ಅಂತ ಹಾಗೇ ಉಳೀತದೆ. ಅದರ ಹಿಂದೆ ಇನ್ನೊಂದು ಟಿನಾರ್ಮಲೈಸ್ ಕೆಜಿಗೆ ಹಾಕಿದ್ರೆ ಒಂಬತ್ತು ರೋ! ಬಂಗುಡೆಗೂ 38 ಕೆಜಿ, ಅಂಜಲಿಗೂ 650 ಕೆಜಿ. ಅಷ್ಟು ಅಂಜಲ್ ಸಿಕ್ಕಿದ್ರೆ ಬೋಟಿನವರು ಈ ಆಫೀಸಿಗೆ ಬರ್ತಲೇ ಇರ್ಲಿಲ್ಲ. ಮತ್ತೆ ಮುಂಗಡದ ಟೋಟಲ್ ಹಾಕಿದ್ರೆ 9000 ಇದ್ದದ್ದು 81,000 ತೋರಿಸ್ತದೆ.

ಗೊತ್ತಿದ್ದವರು ಸ್ವಲ್ಪ ಹೇಳಿ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟು, ಪರ್ಸೀನ್ ಎಲ್ಲ ಬಂದ್ ಅಲ್ವಾ, ಆ ಗ್ಯಾಪಿನಲ್ಲೇ ಇದನ್ನು ಮುಗಿಸಿ ಆಗಸ್ಟಿಗೆ ಕೊಡ್ಬೇಕು.

ಬಜ್ಪೆ_ಬಾಯ್

ಇಷ್ಟಕ್ಕೆ ಟಾಲೆಂಡ್ ಎಂತಕ್ಕೆ ಮಾರ್ರೆ, ಎಕ್ಸೆಲ್ ಸಾಕು. ಅದರೊಳಗಿನ ಪವರ್ ಕ್ವೆರಿಯಲ್ಲಿ ಫೈಲ್ ಓಪನ್ ಮಾಡಿ, ಕಾಲಮ್ ಸೆಲೆಕ್ಟ್ ಮಾಡಿ, ಸ್ಪ್ಲಿಟ್ ಕಾಲಮ್, ಬೈ ಡಿಲಿಮಿಟರ್, ಕೆಳಗೆ ಅಡ್ವಾನ್ಸ್ಡ್ ಆಪ್ಷನ್ ಬಿಚ್ಚಿದ್ರೆ ಕಾಲಮ್ಸ್ ಬದಲು ರೋಸ್ ಅಂತ ಉಂಟು, ಅದನ್ನು ಒತ್ತಿ ಓಕೆ ಕೊಡಿ. ಮುಗೀತು.

ದಕ್ಕೆ_ಡೇಟಾ, ಮಲ್ಪೆ

ಅದು ಕೂಡ ಒಂದು ಕಾಲಮ್ಮಿಗೆ ಮಾತ್ರ ಅಲ್ವಾ ಬ್ರೋ, ಎರಡನೇ ಕಾಲಮ್ಮಿಗೆ ಮಾಡಿದ್ರೆ ಅದೇ ಒಂಬತ್ತು. ಮತ್ತೆ ಇದು ದಿನಾ ರಾತ್ರಿ ತನ್ನಷ್ಟಕ್ಕೆ ಓಡಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟೇಬಲಿಗೆ ಹೋಗ್ಬೇಕು, ಎಕ್ಸೆಲ್ ಓಪನ್ ಮಾಡಿ ರಿಫ್ರೆಶ್ ಒತ್ಲಿಕ್ಕೆ ಅಲ್ಲಿ ಜನ ಇಲ್ಲ.

ಈಟಿಎಲ್_ಭಟ್ರು, ಉಡುಪಿ

ಒಂಬತ್ತು ಬಂದದ್ದು ಸಾಫ್ಟ್‌ವೇರಿನ ತಪ್ಪಲ್ಲ. ಮೊದಲನೇ ನಾರ್ಮಲೈಸ್ ಮುಗಿದ ಮೇಲೆ ಎರಡನೆಯದಕ್ಕೆ ಸಿಕ್ಕುದು ಮೂರು ಬೇರೆ ಬೇರೆ ರೋ, ಪ್ರತಿ ರೋದಲ್ಲೂ ಇಡೀ ತೂಕದ ಪಟ್ಟಿ. ಅದು ಪ್ರತಿಯೊಂದನ್ನೂ ಮೂರು ಮಾಡ್ತದೆ. ಬಂಗುಡೆ ಎಷ್ಟನೇ ಜಾಗದಲ್ಲಿ ಇತ್ತು ಅನ್ನುವ ಮಾಹಿತಿ ಮೊದಲನೇ ಸ್ಪ್ಲಿಟ್‌ನಲ್ಲೇ ಕಳೆದು ಹೋಗಿರ್ತದೆ, ಮತ್ತೆ ಅದನ್ನು ಎಲ್ಲಿಂದ ತರುದು? ಹಾಗಾಗಿ ಒಡೆಯುವ ಮೊದಲೇ ಜೋಡಿ ಕಟ್ಟಿ.

ನಾನಾದ್ರೆ ಹೀಗೆ ಮಾಡ್ತೇನೆ. ಫೈಲ್ ಓದಿದ ಕೂಡ್ಲೆ ಒಂದು ಟಿಜಾವಾರೋ ಇಡಿ, ಪ್ರತಿ ರೋಗೂ ನಾವು ಬರೆದ ಜಾವಾ ಕೋಡ್ ಓಡಿಸುವ ಕಾಂಪೊನೆಂಟ್ ಅದು. ಅದರೊಳಗೆ ಮೀನಿನ ಕಾಲಮ್ಮನ್ನೂ ಕೆಜಿ ಕಾಲಮ್ಮನ್ನೂ ಸ್ಪ್ಲಿಟ್ ಮಾಡಿ ಎರಡು ಅರ್ರೇ (ಸಾಲಾದ ಪಟ್ಟಿ) ಮಾಡ್ಕೊಳ್ಳಿ, ಒಂದು ಲೂಪ್ ಹಾಕಿ ಜೋಡಿ ಜೋಡಿಯಾಗಿ ಒಂದೇ ಸ್ಟ್ರಿಂಗ್ ಕಟ್ಟಿ, ಹೀಗೆ:

ಬಂಗುಡೆ~420#ಬೂತಾಯಿ~650#ಅಂಜಲ್~38

ಈಗ ಟಿನಾರ್ಮಲೈಸ್ ಒಂದೇ ಸಾಕು, ಸೆಪರೇಟರ್, ಅಂದ್ರೆ ಒಡೆಯುವ ಗುರುತು, ಹ್ಯಾಶ್. ಮೂರು ರೋ ಬರ್ತದೆ. ಅದರ ಹಿಂದೆ ಟಿಎಕ್ಸ್‌ಟ್ರಾಕ್ಟ್‌ಡಿಲಿಮಿಟೆಡ್‌ಫೀಲ್ಡ್ಸ್, ಸೆಪರೇಟರ್ ಟಿಲ್ಡೆ, ಅದು ಬಂಗುಡೆ ಒಂದು ಕಾಲಮ್, 420 ಇನ್ನೊಂದು ಕಾಲಮ್ ಅಂತ ಬಿಡಿಸಿ ಕೊಡ್ತದೆ. ಮುಗೀತು.

ಇನ್ನೊಂದು ದಾರಿಯೂ ಉಂಟು, ಮೀನು ಬೇರೆ, ತೂಕ ಬೇರೆ ಒಡೆದು, ಎರಡಕ್ಕೂ 1, 2, 3 ಅಂತ ಸೀರಿಯಲ್ ನಂಬರ್ ಕೊಟ್ಟು, ಚೀಟಿ ನಂಬರ್ ಪ್ಲಸ್ ಸೀರಿಯಲ್ ಮೇಲೆ ಟಿಮ್ಯಾಪ್‌ನಲ್ಲಿ ಜಾಯಿನ್ ಮಾಡುದು. ನಂಬರ್ ಕೊಡ್ಲಿಕ್ಕೆ ನ್ಯೂಮರಿಕ್ ಡಾಟ್ ಸೀಕ್ವೆನ್ಸ್ ಅನ್ನುವ ಫಂಕ್ಷನ್ ಉಂಟು, ಅದರ ಹೆಸರಿನ ಜಾಗದಲ್ಲಿ ಚೀಟಿ ನಂಬರನ್ನೇ ಕೊಟ್ರೆ ಪ್ರತಿ ಚೀಟಿಗೂ ಹೊಸದಾಗಿ 1ರಿಂದ ಶುರು ಆಗ್ತದೆ. ಎರಡೂ ಕಡೆ ಒಂದೇ ಹೆಸರು ಕೊಡ್ಬೇಡಿ ಮತ್ತೆ, ಒಂದು ಕಡೆ 3ಕ್ಕೆ ನಿಂತದ್ದು ಇನ್ನೊಂದು ಕಡೆ 4ರಿಂದ ಮುಂದುವರೀತದೆ, ಜಾಯಿನ್‌ನಲ್ಲಿ ಒಂದೂ ಹೊಂದುದಿಲ್ಲ. ಆದ್ರೆ ಒಂದೇ ಫ್ಲೋವನ್ನು ಎರಡು ಮಾಡಿ ವಾಪಸ್ ಒಂದೇ ಟಿಮ್ಯಾಪಿಗೆ ತರ್ಲಿಕ್ಕೆ ಟಾಲೆಂಡ್ ಬಿಡುದಿಲ್ಲ, ಫೈಲನ್ನೇ ಎರಡು ಸಲ ಓದ್ಬೇಕು ಇಲ್ಲಾಂದ್ರೆ ಟಿಹ್ಯಾಶ್‌ಔಟ್‌ಪುಟ್ ಹಾಕಿ ಮೆಮೊರಿಯಲ್ಲಿ ಇಟ್ಕೊಳ್ಬೇಕು. ಪೊಕ್ಕಡೆ ಸುತ್ತು. ನನ್ನ ಓಟು ಮೊದಲನೆಯದಕ್ಕೆ.

ಮತ್ತೆ ಕೆಲವು ಸಣ್ಣ ಸಣ್ಣ ವಿಷಯ, ಆದ್ರೆ ಇವೇ ಮಂಡೆ ತಿನ್ನುದು.

ಜಾವಾದ ಸ್ಪ್ಲಿಟ್ ಕೊನೆಯ ಖಾಲಿ ತುಂಡುಗಳನ್ನು ತನ್ನಷ್ಟಕ್ಕೆ ಬಿಸಾಡ್ತದೆ. ರೈಟರ್ ಅಂಜಲಿನ ತೂಕ ಹಾಕ್ಲಿಕ್ಕೆ ಬಿಟ್ಟು 420,650, ಅಂತ ಕಾಮಾದಲ್ಲಿ ನಿಲ್ಲಿಸಿದ್ರೆ ನಿಮಗೆ ಸಿಕ್ಕುದು ಎರಡೇ ತುಂಡು. ಸ್ಪ್ಲಿಟ್‌ಗೆ ಎರಡನೇ ಆರ್ಗ್ಯುಮೆಂಟ್ ಮೈನಸ್ 1 ಕೊಡಿ, ಆಗ ಮೂರನೆಯದು ಖಾಲಿ ಸ್ಟ್ರಿಂಗ್ ಆಗಿ ಬರ್ತದೆ. ಆಮೇಲೆ ಎರಡೂ ಅರ್ರೇಯ ಉದ್ದ ಒಂದೇ ಉಂಟಾ ನೋಡಿ, ಇಲ್ಲದಿದ್ರೆ ಆ ಚೀಟಿಯನ್ನು ಮುಂದೆ ಬಿಡ್ಬೇಡಿ, ರಿಜೆಕ್ಟ್ ಅಂತ ಬೇರೆ ಫೈಲಿಗೆ ಕಳ್ಸಿ.

ಟಿನಾರ್ಮಲೈಸ್‌ನ ಸೆಪರೇಟರ್ ರೆಗ್ಯುಲರ್ ಎಕ್ಸ್‌ಪ್ರೆಶನ್ (ರೆಗೆಕ್ಸ್, ಅಕ್ಷರಗಳ ಮಾದರಿ ಹುಡುಕುವ ಬರಹ) ಲೆಕ್ಕದಲ್ಲಿ ಕೆಲಸ ಮಾಡುದು. ಕಾಮಾ, ಹ್ಯಾಶ್, ಟಿಲ್ಡೆಗೆ ಏನೂ ತೊಂದ್ರೆ ಇಲ್ಲ. ಪೈಪ್ ಗುರುತು ಅಥವಾ ಫುಲ್‌ಸ್ಟಾಪ್ ಆದ್ರೆ ಮುಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕ್ಲೇಬೇಕು, ಇಲ್ಲದಿದ್ರೆ ಪೈಪ್ ಆದ್ರೆ ಬಂಗುಡೆ ಒಂದೊಂದೇ ಅಕ್ಷರ ಆಗಿ ಹೊರಗೆ ಬೀಳ್ತದೆ, ಫುಲ್‌ಸ್ಟಾಪ್ ಆದ್ರೆ ಹೆಸರೇ ಉಳಿಯುದಿಲ್ಲ.

ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಟ್ರಿಮ್ ಮಾಡುವ ಟಿಕ್ ಉಂಟು, ಅದು ಒಳ್ಳೇದು. ಡೂಪ್ಲಿಕೇಟ್ ರೋ ತೆಗೆಯುವ ಟಿಕ್ಕನ್ನು ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ. ಒಂದೇ ಬೋಟಿನ ಬಂಗುಡೆ ಎರಡು ಲಾಟ್ ಆಗಿ 50, 50 ಅಂತ ಬರೆದಿದ್ರೆ ಒಂದು ಲಾಟ್ ಮಾಯ, ಆಮೇಲೆ ಬೋಟಿನವರಿಗೆ ಉತ್ತರ ಕೊಡುವವರು ನೀವೇ.

ಫೈಲ್ ಓದುವ ಕಾಂಪೊನೆಂಟ್‌ನಲ್ಲಿ ಸಿಎಸ್‌ವಿ ಆಪ್ಷನ್ಸ್ ಆನ್ ಮಾಡಿದ್ದೀರಿ ಅಂತ ಕಾಣ್ತದೆ, ಇಲ್ಲಾಂದ್ರೆ ಕೋಟ್ ಒಳಗಿನ ಕಾಮಾಕ್ಕೆ ಕಾಲಮ್ಮೇ ಒಡೆದು ಹೋಗ್ತಿತ್ತು. ಎನ್‌ಕೋಡಿಂಗ್ ಯುಟಿಎಫ್-8 ಉಂಟಾ ನೋಡಿ, ಡೀಫಾಲ್ಟ್ ಬೇರೆ ಇರ್ತದೆ, ಕನ್ನಡ ಎಲ್ಲ ಅರ್ಥ ಆಗದ ಚಿಹ್ನೆ ಆಗ್ತದೆ.

ದಕ್ಕೆ_ಡೇಟಾ, ಮಲ್ಪೆ

ಭಟ್ರೇ ಭಾರೀ ಉಪಕಾರ ಆಯ್ತು, ಜೋಡಿ ಕಟ್ಟುವ ಐಡಿಯಾ ಸೂಪರ್. ಮಾಡಿ ನೋಡಿದೆ, 318 ಸರಿ ಬಂತು. ಆದ್ರೆ ರಿಜೆಕ್ಟ್ ಫೈಲ್ ನೋಡಿದ್ರೆ ಅರ್ಧ ಮಲ್ಪೆ ಅಲ್ಲೇ ಉಂಟು. ಖಾಲಿ ಬಿಟ್ಟದ್ದು ಕಡಿಮೆ, ಜಾಸ್ತಿ ಇರುದು ಮೀನಿಗಿಂತ ತೂಕ ಒಂದು ಹೆಚ್ಚು ಇರುವ ಚೀಟಿಗಳು. ನೋಡಿ:

ಮೀನು: ಬಂಗುಡೆ,ಬೂತಾಯಿ,ಅಂಜಲ್
ಕೆಜಿ: 420,1,150,38
ಒಟ್ಟು ಕೆಜಿ: 1608

ಮೀನು ಮೂರು, ತೂಕ ನಾಲ್ಕು. ರೈಟರ್ ಬಳಿ ಕೇಳಿದ್ರೆ ನಾನು ಮೂರೇ ಹಾಕಿದ್ದು ಅಂತಾರೆ.

ಕುಂದಾಪ್ರ_ಕ್ವೆರಿ

ಹ್ವಾಯ್, ರೈಟರ್ ಹೇಳಿದ್ ಸರಿಯೇ ಇತ್ತ್ ಕಾಣಿ. ಅದ್ 1 ಅಲ್ಲ 150 ಅಲ್ಲ, ಸಾವಿರದ ನೂರೈವತ್ತ್! ಬೂತಾಯಿ 1,150 ಕೆಜಿ. 420, 1150, 38 ಕೂಡಿಸಿ ಕಾಣಿ, 1608 ಆತ್ತಾ ಇಲ್ಯಾ?

ಆ್ಯಪ್ ಸಾವಿರಕ್ಕೆ ಕಾಮಾ ಹಾಕಿ ತೋರಿಸುದನ್ನೇ ಹಾಗೇ ಎಕ್ಸ್‌ಪೋರ್ಟ್ ಮಾಡ್ತಾ ಇದೆ, ತುಂಡು ಬೇರೆ ಮಾಡುವ ಗುರುತೂ ಕಾಮಾ, ಸಾವಿರದ ಗುರುತೂ ಕಾಮಾ.

ದಕ್ಕೆ_ಡೇಟಾ, ಮಲ್ಪೆ

ಅಯ್ಯೋ ದೇವ್ರೆ, ಹೌದು ಮಾರ್ರೆ! ಒಂದು ಮೀನಿನ ತೂಕ ಸಾವಿರ ದಾಟಿದ ಚೀಟಿಗಳೇ ಹೆಚ್ಚು ರಿಜೆಕ್ಟ್ ಆದದ್ದು. ಹಾಗಾದ್ರೆ ಕಾಮಾದ ಹಿಂದೆ ಸರಿಯಾಗಿ ಮೂರು ಅಂಕೆ ಇದ್ರೆ ಆ ಕಾಮಾ ತೆಗೆ ಅಂತ ಒಂದು ರೆಗೆಕ್ಸ್ ಹಾಕಿದ್ರೆ ಆಗ್ಲಿಕ್ಕಿಲ್ವಾ?

ಈಟಿಎಲ್_ಭಟ್ರು, ಉಡುಪಿ

ಆಗ್ಲಿಕ್ಕಿಲ್ಲ. ನಿಮ್ಮ 318ನೇ ಚೀಟಿಯನ್ನೇ ನೋಡಿ, 420,650,38. ಆ ರೆಗೆಕ್ಸ್ ಹಾಕಿದ್ರೆ 420650 ಮತ್ತು 38. ನಾಲ್ಕು ಲಕ್ಷ ಕೆಜಿ ಬಂಗುಡೆ.

ಸ್ವಲ್ಪ ಬಿಗಿ ಮಾಡ್ಬಹುದು. ಸಾವಿರದ ಕಾಮಾ ಆಗ್ಬೇಕಾದ್ರೆ ಅದರ ಎಡಗಡೆ ತುಂಡಿನಲ್ಲಿ ಒಂದು ಅಥವಾ ಎರಡು ಅಂಕೆ ಮಾತ್ರ ಇರ್ಬೇಕು, ಬಲಗಡೆ ಸರಿಯಾಗಿ ಮೂರು ಅಂಕೆ ಇರ್ಬೇಕು. ನಮ್ಮ ಲೆಕ್ಕದಲ್ಲಿ ಮೂರಂಕೆ ಕಾಮಾ ಮೂರಂಕೆ ಅಂತ ಬರೆಯುದೇ ಇಲ್ಲ, ಲಕ್ಷ ಆದ್ರೆ 4,20,650 ಅಂತ ಬರೀತಾರೆ. ಈ ನಿಯಮದಲ್ಲಿ 420,1,150,38 ಬಿಡಿಸ್ಲಿಕ್ಕೆ ಒಂದೇ ದಾರಿ, 1 ಮತ್ತು 150 ಮಾತ್ರ ಸೇರ್ತದೆ. ಚಂದ. ಆದ್ರೆ ಇದನ್ನು ಬಿಡಿಸಿ ನೋಡುವಾ:

ಮೀನು: ಬೂತಾಯಿ,ಮಾಂಜಿ,ಬಂಗುಡೆ
ಕೆಜಿ: 1,150,2,380

ಮೀನು ಮೂರು, ತುಂಡು ನಾಲ್ಕು, ಒಂದು ಕಡೆ ಸೇರಿಸ್ಬೇಕು. ಎಲ್ಲಿ? 1150, 2, 380 ಆಗ್ಬಹುದು. 1, 150, 2380 ಕೂಡ ಆಗ್ಬಹುದು. ಎರಡೂ ನಿಯಮ ಪ್ರಕಾರ ಸರಿ. ಯಾವ ರೆಗೆಕ್ಸೂ ಇದನ್ನು ಹೇಳ್ಲಿಕ್ಕೆ ಸಾಧ್ಯ ಇಲ್ಲ.

ಕುಂದಾಪ್ರ_ಕ್ವೆರಿ

ರೆಗೆಕ್ಸ್ ಹೇಳುದಿಲ್ಲ, ಆದ್ರೆ ಒಟ್ಟು ಕೆಜಿ ಕಾಲಮ್ ಹೇಳ್ತದೆ ಭಟ್ರೆ. ಮೊದಲನೇ ರೀತಿಯಲ್ಲಿ ಕೂಡಿಸಿದ್ರೆ 1532, ಎರಡನೇ ರೀತಿಯಲ್ಲಿ 2531. ಚೀಟಿಯಲ್ಲಿ ಯಾವುದುಂಟೋ ಅದು ಸರಿ. ಹಾಗಾಗಿ ಜಾವಾದಲ್ಲಿ ಒಂದು ಸಣ್ಣ ರೂಟೀನ್ ಬರೀರಿ, ತುಂಡುಗಳನ್ನು ಸೇರಿಸ್ಲಿಕ್ಕೆ ಎಷ್ಟು ರೀತಿ ಉಂಟೋ ಅಷ್ಟನ್ನೂ ಟ್ರೈ ಮಾಡಿ, ಮೀನಿನ ಎಣಿಕೆಗೂ ಹೊಂದಬೇಕು ಒಟ್ಟಿಗೂ ಹೊಂದಬೇಕು, ಅಂಥದ್ದು ಒಂದೇ ಸಿಕ್ಕಿದ್ರೆ ತಗೊಳ್ಳಿ, ಒಂದೂ ಸಿಗದಿದ್ರೆ ಅಥವಾ ಎರಡು ಸಿಕ್ಕಿದ್ರೆ ರಿಜೆಕ್ಟ್. ಒಂದು ಚೀಟಿಯಲ್ಲಿ ಹೆಚ್ಚಂದ್ರೆ ಏಳೆಂಟು ಮೀನು ಇರುದು, ಮೆಷಿನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ.

ಮತ್ತೆ ಎಣಿಕೆ ಹೊಂದಿದ ಚೀಟಿಯನ್ನೂ ಒಟ್ಟಿನ ಜೊತೆ ನೋಡಿಯೇ ಬಿಡಿ. ಅಂಜಲ್,ಬೂತಾಯಿ ಅಂತ ಎರಡು ಮೀನು, ಕೆಜಿ 1,150 ಅಂತ ಉಂಟು ಅಂತಿಟ್ಕೊಳ್ಳಿ. ಎರಡು ಮೀನು ಎರಡು ತುಂಡು, ಅಂಜಲ್ 1, ಬೂತಾಯಿ 150, ಎಲ್ಲ ಸರಿ ಕಾಣ್ತದೆ. ಆದ್ರೆ ಒಟ್ಟು 1150 ಅಂತ ಇದ್ರೆ? ಅಲ್ಲಿ ಒಂದು ಮೀನಿನ ತೂಕ ಹಾಕ್ಲೇ ಇಲ್ಲ ಅಂತ ಅರ್ಥ, 1,150 ಇಡೀ ಇನ್ನೊಂದು ಮೀನಿದು. ಬರೀ ಎಣಿಕೆ ನೋಡುವ ಚೆಕ್ ಇದನ್ನು ಹಿಡಿಯುದೇ ಇಲ್ಲ.

ನನ್ನ ಇನ್ನೊಂದು ಅಭಿಪ್ರಾಯ, ಕೊನೆಗೆ ಹೋಗುದು ಪೋಸ್ಟ್‌ಗ್ರೆಸ್‌ಗೇ ಆದ್ರೆ ಟಾಲೆಂಡ್ ಒಳಗೆ ಇಷ್ಟೆಲ್ಲ ಒದ್ದಾಡುದು ಎಂತಕ್ಕೆ. ಫೈಲನ್ನು ಹಾಗೇ ಒಂದು ಸ್ಟೇಜಿಂಗ್ (ತಾತ್ಕಾಲಿಕ) ಟೇಬಲಿಗೆ ಹಾಕಿ, ಎಲ್ಲ ಕಾಲಮ್ಮೂ ಟೆಕ್ಸ್ಟ್. ಆಮೇಲೆ ಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಂಗ್ ಟು ಅರ್ರೇ ಫಂಕ್ಷನ್ ಹಾಕಿ ಎರಡು ಅರ್ರೇ ಮಾಡಿ, ಫ್ರಮ್ ಭಾಗದಲ್ಲಿ ಪಟ್ಟಿಯನ್ನು ರೋ ಮಾಡುವ ಅನ್‌ನೆಸ್ಟ್‌ಗೆ ಎರಡನ್ನೂ ಒಟ್ಟಿಗೆ ಕೊಡಿ. ಪೋಸ್ಟ್‌ಗ್ರೆಸ್ 9.4ರಿಂದ ಅದು ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಜೋಡಿಯಾಗೇ ಬಿಡಿಸ್ತದೆ, ಒಂಬತ್ತು ಆಗುವ ಪ್ರಶ್ನೆಯೇ ಇಲ್ಲ. ವಿತ್ ಆರ್ಡಿನಾಲಿಟಿ ಅಂತ ಸೇರಿಸಿದ್ರೆ ಸೀರಿಯಲ್ ನಂಬರೂ ಸಿಕ್ತದೆ. ಉದ್ದ ಬೇರೆ ಇದ್ರೆ ಎರರ್ ಕೊಡುದಿಲ್ಲ ಮಾತ್ರ, ಕಡಿಮೆ ಬಿದ್ದ ಕಡೆ ನಲ್, ಅಂದ್ರೆ ಖಾಲಿ, ತುಂಬಿಸಿ ಸುಮ್ನಿರ್ತದೆ, ಹಾಗಾಗಿ ಉದ್ದದ ಚೆಕ್ ನೀವೇ ಹಾಕ್ಬೇಕು.

ಮೀನಿನ ಕಾಲಮ್ಮೂ ಕೆಜಿ ಕಾಲಮ್ಮೂ ಎರಡೂ ಖಾಲಿ ಇರುವ ಚೀಟಿ ಉಂಟಾ? ಬೋಟು ಬರಿಗೈಯಲ್ಲಿ ಬಂದ ದಿನ ಇರ್ತದಲ್ಲ. ಖಾಲಿ ಸ್ಟ್ರಿಂಗಿನ ಅರ್ರೇ ಖಾಲಿ, ಅನ್‌ನೆಸ್ಟ್ ಮಾಡಿದ್ರೆ ಸೊನ್ನೆ ರೋ, ಚೀಟಿಯೇ ಕಾಣೆ. ಅದು ಉಳೀಬೇಕಾದ್ರೆ ಬರೀ ಕಾಮಾ ಹಾಕಿ ಜೋಡಿಸ್ಬೇಡಿ, ಲೆಫ್ಟ್ ಜಾಯಿನ್ ಲ್ಯಾಟರಲ್ ಹಾಕಿ, ಆನ್ ಟ್ರೂ ಅಂತ ಕೊಡಿ.

ಕಂಕನಾಡಿ_ಎಸ್‌ಕ್ಯೂಎಲ್

ನಡುವಲ್ಲಿ ಬಾಯಿ ಹಾಕ್ತೇನೆ, ನಮ್ಮಲ್ಲಿ ಎಸ್‌ಕ್ಯೂಎಲ್ ಸರ್ವರ್ 2019 ಡೇಟಾಬೇಸ್. ಸ್ಟ್ರಿಂಗ್ ಸ್ಪ್ಲಿಟ್ ಫಂಕ್ಷನ್ ಎರಡು ಕಾಲಮ್ಮಿಗೂ ಹಾಕಿ ರೋ ನಂಬರ್ ಕೊಟ್ಟು ಜಾಯಿನ್ ಮಾಡಿದ್ರೆ ಆಗ್ತದಾ?

ಕುಂದಾಪ್ರ_ಕ್ವೆರಿ

ಆಗ್ತದೆ ಅಂತ ಕಾಣ್ತದೆ, ಆದ್ರೆ ನಂಬ್ಲಿಕ್ಕೆ ಹೋಗ್ಬೇಡಿ. ಸ್ಟ್ರಿಂಗ್ ಸ್ಪ್ಲಿಟ್ ತುಂಡುಗಳನ್ನು ಇದೇ ಆರ್ಡರಿನಲ್ಲಿ ಕೊಡ್ತೇನೆ ಅಂತ ಗ್ಯಾರಂಟಿ ಕೊಡುದಿಲ್ಲ, ಎಷ್ಟನೇ ತುಂಡು ಅಂತ ಹೇಳುವ ಆರ್ಡಿನಲ್ ಬಂದದ್ದು 2022ರ ವರ್ಷನ್‌ನಲ್ಲಿ. 2019ರಲ್ಲಿ ಓಪನ್ ಜೇಸನ್ ಅನ್ನುವ ಫಂಕ್ಷನ್ ಬಳಸಿ, ಕಾಮಾ ಪಟ್ಟಿಯನ್ನು ಜೇಸನ್ ಅರ್ರೇ ತರ ಮಾಡಿ ಕೊಟ್ರೆ ಕೀ ಕಾಲಮ್ಮಿನಲ್ಲಿ 0, 1, 2 ಅಂತ ಜಾಗದ ನಂಬರ್ ಬರ್ತದೆ, ಅದರ ಮೇಲೆ ಜಾಯಿನ್ ಮಾಡಿ.

ಸುರತ್ಕಲ್_ಸೀನಿಯರ್

ಎಲ್ಲ ಓದಿದೆ. ಎಲ್ರೂ ಗಾಯಕ್ಕೆ ಬ್ಯಾಂಡೇಜ್ ಕಟ್ತಾ ಇದ್ದೀರಿ. ಒಂದು ಸೆಲ್ಲಿನಲ್ಲಿ ಒಂದೇ ಮಾಹಿತಿ ಇರ್ಬೇಕು ಅಂತ ಡೇಟಾಬೇಸ್ ವಿಜ್ಞಾನಿ ಕಾಡ್ 1970ರಲ್ಲೇ ರಿಲೇಶನಲ್ ಮಾಡೆಲಿನ ಪೇಪರಿನಲ್ಲಿ ಬರೆದಿದ್ದಾರೆ, ಕಾಲೇಜಿನಲ್ಲಿ ಫಸ್ಟ್ ನಾರ್ಮಲ್ ಫಾರ್ಮ್ ಅಂತ ಎಲ್ರೂ ಬಾಯಿಪಾಠ ಮಾಡಿದವರೇ. ಆ್ಯಪ್ ಮಾಡಿದವರನ್ನು ಹಿಡ್ದು ಚೀಟಿಗೆ ಒಂದು ಟೇಬಲ್, ಚೀಟಿಯ ಒಳಗಿನ ಮೀನಿಗೆ ಒಂದು ಟೇಬಲ್ ಅಂತ ಮಾಡಿಸಿ. ರಾತ್ರಿ ಜಾಬ್‌ನಲ್ಲಿ 1 ಮತ್ತು 150 ಸೇರಿಸ್ತಾ ಕೂತ್ಕೊಳ್ಳುದು ಎಂತ ಕರ್ಮ.

ದಕ್ಕೆ_ಡೇಟಾ, ಮಲ್ಪೆ

ಸರ್ ನೀವು ಹೇಳುದು ನೂರಕ್ಕೆ ನೂರು ಸರಿ, ಆದ್ರೆ ಆ್ಯಪ್ ಮಾಡಿದವರು ಈಗ ಫೋನ್ ಎತ್ತುದಿಲ್ಲ, ಸೋರ್ಸ್ ಕೋಡ್ ಯಾರ ಹತ್ರವೂ ಇಲ್ಲ. ಹೊಸ ಆ್ಯಪ್ ಮಾಡಿದ್ರೂ ರೈಟರ್‌ಗಳು ಬಳಸ್ಬೇಕಲ್ಲ. ಬೆಳಿಗ್ಗೆ ಒಮ್ಮೆ ದಕ್ಕೆಗೆ ಬಂದು ನೋಡಿ, ಬೋಟು ಹಿಂದೆ ಬೋಟು, ಒಂದು ಕೈಯಲ್ಲಿ ಫೋನ್, ಕಾಲಡಿಯಲ್ಲಿ ಐಸ್ ನೀರು, ಬೋಟಿನ ಮುಖ್ಯಸ್ಥ ತಾಂಡೇಲ ತೂಕ ಕೂಗ್ತಾ ಇರ್ತಾನೆ, ಹಿಂದಿನಿಂದ ಗಾಡಿಯವ ದಾರಿ ಬಿಡಿ ಅಂತ ಹಾರ್ನ್ ಹಾಕ್ತಾ ಇರ್ತಾನೆ. ಅಲ್ಲಿ ಮೀನಿಗೊಂದು ಸ್ಕ್ರೀನ್, ತೂಕಕ್ಕೊಂದು ಸ್ಕ್ರೀನ್, ಸೇವ್, ನೆಕ್ಸ್ಟ್ ಅಂತ ಕೊಟ್ರೆ ಅವರು ಫೋನ್ ಜೇಬಿಗೆ ಹಾಕಿ ಹಳೇ ತರ ಬುಕ್ಕಿನಲ್ಲಿ ಬರೀತಾರೆ. ಒಂದೇ ಲೈನಿನಲ್ಲಿ ಕಾಮಾ ಹಾಕಿ ಹೊಡೆಯುದು ಅವರಿಗೆ ಫಾಸ್ಟ್, ಅದಕ್ಕೇ ಆ್ಯಪ್ ಹಾಗಿರುದು.

ಸುರತ್ಕಲ್_ಸೀನಿಯರ್

ಎಂಟ್ರಿ ಒಂದೇ ಲೈನಿನಲ್ಲಿ ಇರ್ಲಿ, ಬೇಡ ಅಂದವರಾರು. ಸೇವ್ ಒತ್ತಿದ ಕೂಡ್ಲೆ ಆ್ಯಪ್ ಒಡೆದು ಎರಡು ಟೇಬಲಿಗೆ ಹಾಕ್ಬೇಕು, ಲೆಕ್ಕ ಹೊಂದದಿದ್ರೆ ಅಲ್ಲೇ ಕೆಂಪು ಮಾಡಿ ತೋರಿಸ್ಬೇಕು. ತಾಂಡೇಲ ಎದುರಿಗೆ ಇರುವಾಗ ಕೇಳಿದ್ರೆ ಒಂದು ಸೆಕೆಂಡಿನ ಕೆಲಸ, ರಾತ್ರಿ ರಿಜೆಕ್ಟ್ ಫೈಲ್ ಹಿಡ್ಕೊಂಡು ಕೇಳ್ಲಿಕ್ಕೆ ಹೋದ್ರೆ ಅವ ವಾಪಸ್ ಸಮುದ್ರದಲ್ಲಿ ಇರ್ತಾನೆ. ಈಗ ಆಗುದಿಲ್ಲ ಅಂದ್ರೆ ಸರಿ, ಆದ್ರೆ ಹೊಸ ಆ್ಯಪ್ ಮಾಡುವಾಗ ನೆನಪಿರ್ಲಿ.

ಈಟಿಎಲ್_ಭಟ್ರು, ಉಡುಪಿ

ಸೀನಿಯರ್ ಹೇಳಿದ ಎರಡು ಟೇಬಲಿನ ಮಾತು ಆ್ಯಪ್‌ನಲ್ಲಿ ಆಗದಿದ್ರೂ ನಿಮ್ಮ ಪೋಸ್ಟ್‌ಗ್ರೆಸ್‌ನಲ್ಲಿ ಆಗ್ಬೇಕು. ನಿಮ್ಮ ಮುಂಗಡ 81,000 ಆದದ್ದಕ್ಕೂ ಇದೇ ಮದ್ದು. ಒಂಬತ್ತು ರೋ ಸರಿ ಮಾಡಿ ಮೂರು ಮಾಡಿದ್ರಿ ಅಂತ ಖುಷಿ ಪಡ್ಬೇಡಿ, ಈಗ ಅದು 27,000 ತೋರಿಸ್ತಾ ಇರ್ತದೆ, ಯಾಕಂದ್ರೆ 9000 ಮೂರೂ ರೋಗೆ ಕಾಪಿ ಆಗಿರ್ತದೆ. ಚೀಟಿಗೆ ಸೇರಿದ್ದು, ಅಂದ್ರೆ ಬೋಟು, ತಾರೀಕು, ಮುಂಗಡ, ಒಟ್ಟು, ಇವು ಒಡೆಯುವ ಮೊದಲೇ ಚೀಟಿಗೊಂದೇ ರೋ ಇರುವ ಹೆಡರ್ ಟೇಬಲಿಗೆ ಹೋಗ್ಲಿ. ಒಡೆದ ರೋ ಇರುವ ಡೀಟೇಲ್ ಟೇಬಲಿನಲ್ಲಿ ಚೀಟಿ ನಂಬರ್, ಸೀರಿಯಲ್, ಮೀನು, ಕೆಜಿ ಮಾತ್ರ. ಮುಂಗಡವನ್ನು ಮೂರರಿಂದ ಭಾಗ ಮಾಡಿ ಹಂಚ್ತೇನೆ ಅಂತ ಮಾತ್ರ ಹೊರಡ್ಬೇಡಿ, 38 ಕೆಜಿ ಅಂಜಲಿಗೂ 650 ಕೆಜಿ ಬೂತಾಯಿಗೂ ತಲಾ 3000 ಅಂದ್ರೆ ಆ ನಂಬರಿಗೆ ಅರ್ಥವೇ ಇಲ್ಲ.

ದಕ್ಕೆ_ಡೇಟಾ, ಮಲ್ಪೆ

ಹೆಡರ್, ಡೀಟೇಲ್ ಎರಡು ಟೇಬಲ್ ಮಾಡಿದೆ ಭಟ್ರೆ. ಒಟ್ಟಿಗೆ ಹೊಂದಿಸಿ ನೋಡುವ ರೂಟೀನೂ ಬರೆದೆ, ರಿಜೆಕ್ಟ್ ಫೈಲ್ ಈಗ ಸಣ್ಣ ಆಗಿದೆ, ಕುಂದಾಪ್ರದವರಿಗೆ ಒಂದು ಸ್ಪೆಷಲ್ ಥ್ಯಾಂಕ್ಸ್.

ಈಗ ಹೊಸ ತಲೆನೋವು. ಮೀನಿನ ಪ್ರಕಾರ ಗ್ರೂಪ್ ಬೈ ಮಾಡಿ ಒಟ್ಟು ಹಾಕಿದ್ರೆ ಅಂಜಲ್ ಎರಡು ಸಲ ಬರ್ತದೆ, ಬೊಂಡಾಸ್ ಕೂಡ ಎರಡು ಸಲ. ಟ್ರಿಮ್ ಹಾಕಿದ್ದೇನೆ, ಸ್ಪೇಸ್ ಇಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಒಂದು ಚುಕ್ಕಿಯ ವ್ಯತ್ಯಾಸ ಇಲ್ಲ. ಲೆಂತ್ ಹಾಕಿ ಅಕ್ಷರ ಎಣಿಸಿದ್ರೆ ಒಂದು ಅಂಜಲ್ 5, ಇನ್ನೊಂದು 6. ಎಂತ ಭೂತ ಇದು?

ಈಟಿಎಲ್_ಭಟ್ರು, ಉಡುಪಿ

ಕಣ್ಣಿಗೆ ಕಾಣದ ಅಕ್ಷರ. ಅ, ಸೊನ್ನೆ, ಜ, ಲ, ಅರ್ಧಾಕ್ಷರದ ಗುರುತು, ಇಷ್ಟಾದ್ರೆ 5. ಆರನೆಯದು ಝೀರೋ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್ 200ಸಿ. ಕೆಲವು ಕನ್ನಡ ಕೀಬೋರ್ಡುಗಳು ಅರ್ಧಾಕ್ಷರದ ಹಿಂದೆ ಅದನ್ನು ಸೇರಿಸ್ತವೆ, ಕೆಲವು ಸೇರಿಸುದಿಲ್ಲ. ಇಬ್ಬರು ರೈಟರ್, ಎರಡು ಕೀಬೋರ್ಡ್, ಎರಡು ಅಂಜಲ್. ಜಾವಾದ ಟ್ರಿಮ್ ಅದನ್ನು ಮುಟ್ಟುದಿಲ್ಲ. ವೆಬ್‌ಪೇಜಿನಿಂದ ಕಾಪಿ ಮಾಡಿದಾಗ ಬರುವ ನಾನ್ ಬ್ರೇಕಿಂಗ್ ಸ್ಪೇಸನ್ನೂ ಅದು ಮುಟ್ಟುದಿಲ್ಲ.

ಬೊಂಡಾಸ್‌ನಲ್ಲಿ ಎರಡು ಕಾರಣ ಇರ್ಬಹುದು. ಕೊನೆಯಲ್ಲಿ ಸ್ ಇದೆ, ಅಲ್ಲಿ ಇದೇ 200ಸಿ ಬರ್ಬಹುದು. ಅದಲ್ಲದೆ ಬೊ ಅಕ್ಷರದ ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೀಬಹುದು, 0ಸಿಸಿಎ, ಎ ಚಿಹ್ನೆ ಮತ್ತು ಊ ಚಿಹ್ನೆ ಅಂತ ಎರಡು ಕೋಡ್ ಆಗಿಯೂ ಬರೀಬಹುದು. ಕಾಣುದು ಎರಡೂ ಒಂದೇ.

ಒಡೆದ ಮೇಲೆ, ಸರಿ ಹೆಸರಿನ ಪಟ್ಟಿ ಇರುವ ಮಾಸ್ಟರ್ ಟೇಬಲಿಗೆ ಲುಕಪ್ ಮಾಡುವ ಮೊದಲು ಎರಡು ಕೆಲಸ ಮಾಡಿ. ಜಾವಾದ ನಾರ್ಮಲೈಸರ್ ಕ್ಲಾಸ್ ಹಾಕಿ ಎನ್‌ಎಫ್‌ಸಿ ಮಾಡಿ, ಅದು ಎರಡು ಕೋಡಿನದ್ದನ್ನು ಒಂದು ಕೋಡಿಗೆ ತರ್ತದೆ. ಆಮೇಲೆ ಕಾಣದ ಅಕ್ಷರಗಳಾದ 200ಬಿ, 200ಸಿ, 200ಡಿ, ಎಫ್‌ಇಎಫ್‌ಎಫ್ ಇಷ್ಟನ್ನು ಖಾಲಿಯಿಂದ ರೀಪ್ಲೇಸ್ ಮಾಡಿ, ನಾನ್ ಬ್ರೇಕಿಂಗ್ ಸ್ಪೇಸ್ 00ಎ0 ಇದ್ರೆ ಮಾಮೂಲಿ ಸ್ಪೇಸ್ ಮಾಡಿ ಟ್ರಿಮ್ ಮಾಡಿ. ಹೀಗೆ ಸಾಫ್ ಮಾಡಿದ್ದನ್ನು ಹೊಂದಿಸಿ ನೋಡ್ಲಿಕ್ಕೆ ಮಾತ್ರ ಬಳಸಿ, ರಿಪೋರ್ಟಿನಲ್ಲಿ ತೋರಿಸುವ ಹೆಸರು ಮಾಸ್ಟರಿನಿಂದ ತನ್ನಿ. 200ಡಿ ಎಲ್ಲ ಕಡೆ ಕಸ ಅಲ್ಲ, ರ‍್ಯಾಲಿ ಅಂತ ಬರೀವಾಗ ರ ಮೇಲೇ ಉಳೀಬೇಕಾದ್ರೆ ಅದು ಬೇಕು.

ಕುಂದಾಪ್ರ_ಕ್ವೆರಿ

ಮಾಸ್ಟರ್ ಮಾಡುವಾಗ ಅಡ್ಡ ಹೆಸರಿಗೂ ಒಂದು ಟೇಬಲ್ ಇಡಿ. ಕಾರವಾರದ ಕಡೆಯವ ರೈಟರ್ ಆಗಿ ಬಂದ್ರೆ ಬೂತಾಯಿಗೆ ತಾರ್ಲೆ ಅಂತ ಹೊಡೀತಾನೆ, ಬಂಗುಡೆಗೆ ಬಾಂಗ್ಡೆ. ಎಡಗಡೆ ಅವ ಬರೆದದ್ದು, ಬಲಗಡೆ ಮೀನಿನ ಕೋಡ್. ಟೇಬಲಿನಲ್ಲಿ ಇಲ್ಲದ ಹೆಸರು ಬಂದ್ರೆ ಬಿಸಾಡ್ಬೇಡಿ, ಗೊತ್ತಿಲ್ಲದ ಮೀನು ಅಂತ ಒಂದು ಕೋಡಿಗೆ ಹಾಕಿ ಇಟ್ಕೊಳ್ಳಿ, ಇಲ್ಲದಿದ್ರೆ ಚೀಟಿಯ ಒಟ್ಟು ಕೆಜಿ ಹೊಂದುದಿಲ್ಲ.

ಬಜ್ಪೆ_ಬಾಯ್

ಇದೆಲ್ಲ ಮಾಡುದು ಸರಿ, ಆದ್ರೆ ಟಾಲೆಂಡ್ ಓಪನ್ ಸ್ಟುಡಿಯೋ ನಿಂತು ಹೋಗಿದೆ ಅಲ್ವಾ? ಕ್ಲಿಕ್ ಕಂಪನಿ 2023ರಲ್ಲಿ ಟಾಲೆಂಡನ್ನು ತಗೊಂಡ ಮೇಲೆ 2024ರ ಜನವರಿ 31ಕ್ಕೆ ಫ್ರೀ ವರ್ಷನ್ ಕ್ಲೋಸ್ ಮಾಡಿದ್ರು. ಹೊಸ ಕೆಲಸ ಅದರಲ್ಲಿ ಶುರು ಮಾಡುದು ಸರಿಯಾ?

ಈಟಿಎಲ್_ಭಟ್ರು, ಉಡುಪಿ

ಇನ್‌ಸ್ಟಾಲ್ ಆಗಿದ್ದದ್ದು ಓಡ್ತದೆ, ಅಪ್‌ಡೇಟ್ ಬರುದಿಲ್ಲ ಅಷ್ಟೇ. ಬದಲಿ ಬೇಕಾದ್ರೆ ಅಪಾಚೆ ಹಾಪ್ ನೋಡಿ, ಹಳೇ ಪೆಂಟಾಹೋ ಕೆಟಲ್‌ನಿಂದ ಹುಟ್ಟಿದ್ದು, ಫ್ರೀ. ಅದರಲ್ಲಿ ಸ್ಪ್ಲಿಟ್ ಫೀಲ್ಡ್ಸ್ ಟು ರೋಸ್ ಅಂತ ಇದೆ, ರೋ ನಂಬರ್ ಕೊಡುವ ಆಪ್ಷನ್ ಅದರೊಳಗೇ ಉಂಟು, ಪ್ರತಿ ಚೀಟಿಗೆ ಹೊಸದಾಗಿ ಶುರು ಮಾಡುವ ಟಿಕ್ಕೂ ಉಂಟು. ಸ್ಪ್ಲಿಟ್ ಫೀಲ್ಡ್ಸ್ ಅಂತ ಹೆಚ್ಚುಕಮ್ಮಿ ಅದೇ ಹೆಸರಿನದ್ದು ಇನ್ನೊಂದುಂಟು, ಅದು ಕಾಲಮ್ ಮಾಡುದು, ಅದನ್ನು ಎಳೀಬೇಡಿ. ಆದ್ರೆ ಆಗಸ್ಟ್ 1ಕ್ಕೆ ಬೋಟು ಇಳಿಯುದಾದ್ರೆ ಈಗ ಟೂಲ್ ಬದಲಿಸ್ಲಿಕ್ಕೆ ಹೋಗ್ಬೇಡಿ. ಕುಂದಾಪ್ರದವರು ಹೇಳಿದ ಹಾಗೆ ಒಡೆಯುವ ಕೆಲಸ ಪೋಸ್ಟ್‌ಗ್ರೆಸ್‌ಗೆ ಹಾಕಿದ್ರೆ ಫೈಲ್ ಓದ್ಲಿಕ್ಕೆ ಯಾವ ಟೂಲ್ ಇದ್ರೂ ನಡೀತದೆ.

ದಕ್ಕೆ_ಡೇಟಾ, ಮಲ್ಪೆ

ಅಪ್‌ಡೇಟ್: ಹಳೇ ಸೀಸನಿನ ಫೈಲುಗಳನ್ನೆಲ್ಲ ಓಡಿಸಿ ನೋಡಿದೆ. ಚೀಟಿಯ ಒಟ್ಟೂ ಡೀಟೇಲಿನ ಒಟ್ಟೂ ಈಗ ಒಂದೇ ಬರ್ತದೆ, ಮುಂಗಡ ಸರಿ ಉಂಟು, ಅಂಜಲ್ ಒಂದೇ ಸಲ. ಒಡೆಯುವ ಭಾಗ ಪೋಸ್ಟ್‌ಗ್ರೆಸ್‌ಗೆ ಹಾಕಿದೆ, 1,150ರ ರೂಟೀನ್ ಮಾತ್ರ ಜಾವಾದಲ್ಲೇ ಉಳೀತು. ರಿಜೆಕ್ಟ್‌ನಲ್ಲಿ ಉಳಿದದ್ದು ಹೆಚ್ಚಿನದು ಹೀಗಿರುದು:

ಮೀನು: ಬಂಗುಡೆ ಬೂತಾಯಿ ಮತ್ತೆ ಸ್ವಲ್ಪ ಸಿಗಡಿ
ಕೆಜಿ: 300+ಉಳಿದದ್ದು ನಾಳೆ

ಇದಕ್ಕೆ ಯಾರೂ ಫಂಕ್ಷನ್ ಹೇಳ್ಬೇಡಿ, ರೈಟರಿಗೇ ಫೋನ್ ಮಾಡ್ತೇನೆ.